ನಲವತ್ನಾಲ್ಕರ ಗುಡ್ಡ

ಹದಿಮೂರು ಅಡಿ ಉದ್ದ, ಹತ್ತು ಅಡಿ ಅಗಲ,
ಚಿರೇಕಲ್ಲಿನ ಗೋಡೆ, ಮೇಲೆ ಸ್ಲ್ಯಾಬು.
ಕೋಡಿಬಾಗದಲ್ಲಿ ಇದಕ್ಕಿಂತ ದೊಡ್ಡ ಕೋಣೆ
ನನ್ನ ಸಂಬಳಕ್ಕೆ ಬರಲಿಲ್ಲ.
ಮೂಲೆಗೊಂದು ಕರಿ ಪೆಟ್ಟಿಗೆ ತಂದಿಟ್ಟೆ,
ಹನ್ನೆರಡಿಂಚಿನ ಬಾಯಿ,
ತಂಬೂರಿಯ ಖರಜ, ಪಖವಾಜದ ಎಡಮುಖ
ಎದೆಗೆ ತಾಗಲಿ ಎಂದು.

ತಾಗಿತು. ಎಲ್ಲವೂ ಒಂದೇ ಥರ ತಾಗಿತು.
ಯಾರು ಬಾರಿಸಿದರೂ ಅದೇ ಗುಂಯ್,
ಹಂಡೆಯೊಳಗೆ ತಲೆ ಹಾಕಿ
ಮಾತಾಡಿದ ಹಾಗೆ.
ಬೇಲಿಯಾಚೆ ಶೇವಂತಿ ತಾಂಡೇಲಳ
ಅಲ್ಯೂಮಿನಿಯಂ ತಾಟುಗಳು
ನನ್ನ ತಾಳಕ್ಕೆ ತಾವೂ ಕಟಕಟ.

ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದೆ.
ಸಾರಂಗಿ ಸಪ್ಪೆಯಾಯಿತು;
ಗುಂಯ್ ಹಾಸಿಗೆ ಹಾದು ಬಂದು
ನನ್ನ ಪಕ್ಕ ಕೂತಿತು.

ಮೈಕು ತರಿಸಿದೆ, ಬೆರಳುದ್ದದ್ದು.
ಇಪ್ಪತ್ತರಿಂದ ಇನ್ನೂರರವರೆಗೆ
ಪೆಟ್ಟಿಗೆ ಒಂದೇ ಉಸಿರಲ್ಲಿ ಊಳಿಟ್ಟಿತು,
ಪರದೆಯ ಮೇಲೆ ಗೆರೆ ಎದ್ದಿತು:
ನಲವತ್ನಾಲ್ಕರಲ್ಲಿ ಗುಡ್ಡ,
ಐವತ್ತಾರರಲ್ಲಿ ಗುಂಡಿ.
ಬಂದರು ಕಚೇರಿಯಲ್ಲಿ ದಿನವಿಡೀ
ಭರತ ಇಳಿತ ಬರೆಯುವ ನನಗೆ
ಗೆರೆಯ ಗುರುತು ಸಿಕ್ಕಿತು.
ಇದೂ ನೀರೇ. ಗೋಡೆಯಿಂದ ಗೋಡೆಗೆ ಹೊಯ್ದಾಡಿ
ಅಂಚಲ್ಲಿ ಉಬ್ಬಿ, ನಡುವೆ ಇಲ್ಲವಾಗುವ ನೀರು.

ಗುಂಡಿ ತುಂಬಲು ಹೊರಟೆ. ಮೂರು ಡೆಸಿಬಲ್,
ಆರು, ಒಂಬತ್ತು.
ಆಂಪ್ಲಿಫೈಯರು ಬಿಸಿ. ಕೋನು
ದಡಕ್ಕೆ ಬಿದ್ದ ಮೀನಿನ ಬಾಯಿ.
ಗೆರೆ ಕೂದಲೆಳೆಯಷ್ಟೂ ಏಳಲಿಲ್ಲ.

ಆಗ ಬಂದವನು ಇನಾಸ್.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ
ಕಂಪ್ರೆಸರಿಗೆ ಸ್ಕ್ರೂಡ್ರೈವರ್ ಒತ್ತಿ,
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗಿಟ್ಟು
ಯಾವ ಬೇರಿಂಗು ಹೋಗಲಿದೆ ಎಂದು
ವಾರ ಮೊದಲೇ ಹೇಳುವವನು.
ವೊಗೊ ರಾವ್, ಅಂದ. ನಾನು ಸುಮ್ಮನಾದೆ.
ಗೋಡೆಗೂ ಅದನ್ನೇ ಒತ್ತಿ ಆಲಿಸಿದ.
"ಇಳಿತದ ಹೊತ್ತಿಗೆ ಕೊಡದಲ್ಲಿ ನೀರು ಸುರಿದು
ದೋಣಿ ತೇಲಿಸ್ತೀಯೇನೋ?
ದೋಣಿ ಸರಿಸು."

ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಕೂರಿಸಿದೆವು,
ನಾವು ನೆಲಕ್ಕಿಳಿದೆವು.
ಐವತ್ತು ದಾಟಿದ ಇಬ್ಬರು
ಅಂಬೆಗಾಲಲ್ಲಿ, ಗೋಡೆಗುಂಟ,
ಮಂದ್ರ ಎಲ್ಲಿ ಮಂದ್ರವಾಗಿಯೇ ಕೇಳುತ್ತದೆ ಎಂದು
ತಲೆ ತಗ್ಗಿಸಿ, ಕಿವಿ ನಿಗುರಿಸಿ.
ಇನಾಸನ ಮೊಣಕಾಲು ಗಜಕ್ಕೊಂದು ಸಲ ಲಟಕ್.
ಕಿಟಕಿಯಲ್ಲಿ ಶೇವಂತಿಯ ಮುಖ:
"ಚಾವಿ ಬಿತ್ತಾ?"

ಕಪಾಟಿನ ಪಕ್ಕ, ಬಾಗಿಲಿಂದ ಮೂರು ಗೇಣು.
ಅಲ್ಲಿ ಒಂದೊಂದು ಸ್ವರವೂ
ತನ್ನ ತನ್ನ ಮನೆಯ ಮೆಟ್ಟಿಲು ಹತ್ತಿತು.
ಪೆಟ್ಟಿಗೆ ಅಲ್ಲಿಗೆ. ಕುರ್ಚಿ
ನಡುವಿನಿಂದ ಎರಡು ಗೇಣು ಎಡಕ್ಕೆ, ಸೊಟ್ಟಗೆ,
ಮದುವೆ ಫೋಟೋದಲ್ಲಿ ಜಾಗ ಸಿಗದ
ನೆಂಟನ ಹಾಗೆ.
ಗುಂಡಿ ತಾನಾಗಿ ತುಂಬಿತು.
ಉಳಿದ ಗುಡ್ಡವನ್ನಷ್ಟೇ ಕಡಿದೆ,
ಏಳು ಡೆಸಿಬಲ್, ಕಿರಿದಾಗಿ,
ಹೆದ್ದಾರಿಯವರ ಹಾಗೆ ಸಾರಾಸಗಟು ಅಲ್ಲ.

ಆ ರಾತ್ರಿ ಪಖವಾಜದ ಎಡಮುಖದಲ್ಲಿ
ಒದ್ದೆ ಹಿಟ್ಟು ಕೇಳಿಸಿತು.
ಅಂಗೈ ಬಿದ್ದದ್ದು, ಎದ್ದದ್ದು,
ಎದ್ದ ಮೇಲೆ ಉಳಿದ ಜಾಗವೂ.
ಇನಾಸ್ ಕಣ್ಣು ಮುಚ್ಚಿ ಕೂತಿದ್ದ,
ಏನೂ ಅನ್ನಲಿಲ್ಲ. ಬೇರಿಂಗು ಸರಿ ಇದ್ದಾಗ
ಅವನು ಹಾಗೇ.

ಮೂರನೇ ದಿನ ಬೇಲಿಯಲ್ಲಿ ಶೇವಂತಿ,
ಕೈಯಲ್ಲಿ ಬಂಗಡೆ ಸಾರಿನ ಬಟ್ಟಲು:
"ಊರಲ್ಲಿ ಇರಲಿಲ್ವಾ?
ತಾಟು ಸದ್ದು ಮಾಡ್ಲಿಲ್ಲ,
ಏನಾಯ್ತೋ ಅಂದ್ಕೊಂಡೆ."

ಬಟ್ಟಲು ತೊಳೆದು ವಾಪಸು ಕೊಟ್ಟೆ.
ಇನಾಸನಿಗೆ ಹೇಳಿಲ್ಲ:
ದಿನಾ ಸಂಜೆ ಏಳಕ್ಕೆ, ಒಂದೇ ನಿಮಿಷ,
ಫಿಲ್ಟರು ತೆಗೆಯುತ್ತೇನೆ.
ಕಟಕಟ.
ಆಮೇಲೆ ಕೇಳಲು ಕೂರುತ್ತೇನೆ, ಸೊಟ್ಟಗೆ.