ಉಗ್ರಾಣಿ

ಅಲ್ ಖೌದ್‌ನಲ್ಲಿ ನನ್ನ ಕೆಲಸ ನೊಣಗಳಿಗೆ ಅಡುಗೆ.
ನಗಬೇಡಿ. ಬೆಳಿಗ್ಗೆ ಆರಕ್ಕೆ ಜೋಳದ ಹಿಟ್ಟು, ಸಕ್ಕರೆ, ಯೀಸ್ಟು,
ಕಡಲಪಾಚಿಯ ಅಗರ್,
ಗಂಟಾಗದ ಹಾಗೆ ಕದಡಿ ಸೀಸೆಗಳಿಗೆ ಎರೆಯಬೇಕು.
ಮಣ್ಣಿ ಮಾಡಿ ಗೊತ್ತಿದ್ದವನಿಗೆ ಕಷ್ಟವಲ್ಲ.
ವೀಸಾದಲ್ಲಿ ಮಾತ್ರ ‘ಕ್ಲೀನರ್’ ಎಂದಿದೆ.

ಕೊಳೆತ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಆ ಕೆಂಗಣ್ಣಿನ ನೊಣ,
ಎಳ್ಳಿನಷ್ಟೂ ತೂಗುವುದಿಲ್ಲ.
ಅದರ ಹೊಟ್ಟೆಯೊಳಗೂ ಕೊಬ್ಬಿನ ತೆಳು ಹಾಳೆ,
ಉಗ್ರಾಣವೂ ಅದೇ, ಠಾಣೆಯೂ ಅದೇ
ಎಂದರು ಡಾಕ್ಟರ್ ಶಮ್ಸಾ,
ನಾನು ಸೀಸೆ ತೊಳೆಯುತ್ತಿದ್ದಾಗ, ಕೇಳದೆಯೇ.
ಅವರ ಮಾತು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷು;
ತಿಳಿದಷ್ಟನ್ನು ಕನ್ನಡದಲ್ಲಿ ಎತ್ತಿಟ್ಟುಕೊಂಡಿದ್ದೇನೆ.

ಜೀವಕೋಶದ ನಡುಮನೆಯಲ್ಲಿ ಒಬ್ಬ ಉಗ್ರಾಣಿ.
ಪ್ರೋಟೀನಿನವನು. ಅಂಗಿಗೆ ರಂಜಕದ ಒಂದು ಗುಂಡಿ.
ಗುಂಡಿ ಹಾಕಿದ್ದಷ್ಟು ಹೊತ್ತು
ಕೂಡಿಡುವ ಜೀನುಗಳ ಚಿಲಕ ತೆಗೆಯುತ್ತಾನೆ:
ಎಣ್ಣೆ ತುಂಬು, ಸಕ್ಕರೆ ಒಟ್ಟು, ನಾಳೆಗಿರಲಿ.
ಸೋಂಕು ಬಂತೋ, ಗುಂಡಿ ಕಳಚುತ್ತದೆ.
ಅದೇ ಆಸಾಮಿ, ಅದೇ ಅಂಗಿ,
ಪಕ್ಕದ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ,
ಕ್ರಿಮಿಗೆ ಮದ್ದರೆಯುವ ಜೀನುಗಳನ್ನು ತಟ್ಟಿ ಎಬ್ಬಿಸುತ್ತಾನೆ.
ಇಬ್ಬರಿಲ್ಲ.
ಅಲ್ಲಿ ಕಾಳಗ ಇರುವಷ್ಟು ದಿನ
ಇಲ್ಲಿ ಅಳೆದು ಸುರಿಯುವವರಿಲ್ಲ.

ಮೀನಿಗೆ ಬರುವ ಕ್ಷಯದ ಕ್ರಿಮಿಯನ್ನು
ಕೂದಲೆಳೆಯ ಸೂಜಿಯಲ್ಲಿ ನೊಣಕ್ಕೆ ಚುಚ್ಚುತ್ತಾರೆ.
ವಾರದಲ್ಲಿ ಹೊಟ್ಟೆ ಗಾಜಾಗುತ್ತದೆ, ಆಚೆಯ ಬೆಳಕು ಕಾಣುತ್ತದೆ.
ನನ್ನ ಅಡುಗೆಯದೇ ದೋಷವೆಂದು
ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಸೀಬ್‌ನ ನಮ್ಮ ಕೋಣೆಯಲ್ಲಿ, ಕೆಳಗಿನ ಮಂಚದಲ್ಲಿ,
ಮಾದೇವ ಖಾರ್ವಿ.
ಮೀನು ಮಾರುಕಟ್ಟೆಯಲ್ಲಿ ಐಸು ಒಡೆಯುವವನು.
ರಾತ್ರಿ ನಾಲ್ಕು ಖುಬ್ಬೂಸು, ಬಟ್ಟಲು ತುಂಬ ಬೇಳೆ,
ಆಮೇಲೆ ನನ್ನ ತಟ್ಟೆಯಲ್ಲಿ ಉಳಿದದ್ದು.
ಆದರೂ ಬೆಲ್ಟಿಗೆ ಮೊಳೆ ಕಾಯಿಸಿ ತೂತು ಕೊರೆಯುತ್ತಿದ್ದ,
ರಂಜಾನಿಗೆ ಮೊದಲು ಒಂದು, ಹಬ್ಬ ಕಳೆದು ಎರಡು.
‘ತಿಂದದ್ದನ್ನೂ ಗಂಗೊಳ್ಳಿಗೆ ಡ್ರಾಫ್ಟ್ ಮಾಡ್ತೀಯೇನೋ?’
ಎಂದು ನಾವೇ ನಗುತ್ತಿದ್ದೆವು.
‘ಎಂತ ಇಲ್ಲ ಮಾರಾಯ, ಏಸಿ ಗಾಳಿ’
ಎಂದು ಅವನು ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದ.

ವೀಸಾ ನವೀಕರಣಕ್ಕೆ ಎದೆಯ ಫೋಟೋ ತೆಗೆದರು.
ಎಡಗಡೆ, ಮೇಲೆ, ತೆಂಗಿನ ಹೂವಿನಷ್ಟು ಬಿಳುಪು.
ಆಸ್ಪತ್ರೆಯಲ್ಲಿ ಕೆಲವು ವಾರ, ಆಮೇಲೆ ಟಿಕೆಟ್ಟು.
ರೋಗದ ಹೆಸರೇ ಕ್ಷಯ; ಕರಗುವುದು ಎಂದು
ನಮ್ಮ ಹಿರಿಯರು ಸೂಜಿಯಿಲ್ಲದೆ ಬರೆದಿಟ್ಟ ವರದಿ.

‘ಕ್ರಿಮಿ ತಿಂದು ಹಾಕಿತು’ ಎಂದರು ಕೋಣೆಯವರು.
ಅಲ್ಲ, ಎನ್ನಬೇಕೆನಿಸಿತು.
ಬೇಲಿ ಎದ್ದು ಹೊಲ ಮೇಯಲಿಲ್ಲ;
ಬೇಲಿಯಾಗಿ ನಿಲ್ಲಲು
ಹೊಲವೇ ಎದ್ದು ಹೋಯಿತು.
ಹೇಳಲಿಲ್ಲ. ಸೀಸೆ ತೊಳೆಯುವವನ ಮಾತು.

ಮರುದಿನ ಶಮ್ಸಾ ಅವರನ್ನು ಕೇಳಿದೆ:
ನೊಣದ ಲೆಕ್ಕ ಮನುಷ್ಯನಿಗೂ ಸರಿಯೇ?
ಪೆನ್ನಿನ ಮುಚ್ಚಳ ಬಹಳ ಹೊತ್ತು ತಿರುವಿದರು.
ಆ ಮನೆತನದವನು ನಮ್ಮೊಳಗೂ ಇದ್ದಾನೆ,
ಅದೇ ಕೆಲಸ ಮಾಡುತ್ತಾನೋ, ಗೊತ್ತಿಲ್ಲ.
ಅಷ್ಟು ಓದಿದವರು ‘ಗೊತ್ತಿಲ್ಲ’ ಎಂದದ್ದು
ಯಾಕೋ ಸಮಾಧಾನವಾಯಿತು.

ಮಸ್ಕತ್ ವಿಮಾನ ನಿಲ್ದಾಣ. ರಾತ್ರಿ ಒಂದೂವರೆ.
ಪೆಟ್ಟಿಗೆ ಇಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ:
ಟ್ಯಾಂಗ್, ಟೈಗರ್ ಬಾಮ್, ಎರಡು ಕಂಬಳಿ.
ಅವನನ್ನು ಯಾರೂ ತೂಗಲಿಲ್ಲ.
ಗಾಜಿನಾಚೆ, ತಪಾಸಣೆಯ ಸಾಲಿನಲ್ಲಿ
ಬೆಲ್ಟು ಬಿಚ್ಚಿ ಟ್ರೇಯಲ್ಲಿಡಲು ಹೇಳಿದರು.
ಇಟ್ಟ.
ಒಂದು ಕೈ ಪ್ಯಾಂಟಿಗೆ, ಇನ್ನೊಂದು ಚೀಲಕ್ಕೆ.
ತಿರುಗಿ ನೋಡಿದ,
ಬೀಸಲು ಕೈ ಉಳಿದಿರಲಿಲ್ಲ.