ನಾಳೆ ಬಾ

ಟೊಲೀಡೊ ಊರಿನಲ್ಲಿ, ಲಾಂಡ್ರಿಗೂ ಪಿಜ್ಜಾ ಅಂಗಡಿಗೂ ನಡುವೆ
ನಮ್ಮದು ವರ್ಷಕ್ಕೆ ಮೂರೂವರೆ ತಿಂಗಳ ಅಂಗಡಿ.
ಹೊರಗೆ ಹಿಮದಲ್ಲಿ, ಸ್ವಾತಂತ್ರ್ಯದೇವಿಯ ಹಸಿರು ನಿಲುವಂಗಿ ತೊಟ್ಟು
ಗಂಟೆಗೆ ಹನ್ನೆರಡು ಡಾಲರಿಗೆ ಕುಣಿಯುತ್ತಾನೆ ಟೆರೆಲ್;
ಕಿರೀಟದ ಒಂದು ಮೊನೆ ಯಾವಾಗಲೋ ಮುರಿದಿದೆ.
ಒಳಗೆ ನಾನು,
ಪರರ ಸಂಬಳ ಕೂಡಿ ಕಳೆಯುವವಳು.

ಲುವೀನಿಯಾ ಪ್ರುಯಿಟ್ ಬಂದದ್ದು ಜನವರಿಯ ಕೊನೇ ಮಂಗಳವಾರ.
ಹಗಲು ಶಾಲೆಯ ಅಡುಗೆಮನೆ, ಸಂಜೆ ನರ್ಸಿಂಗ್ ಹೋಮಿನ ಹಾಸಿಗೆ.
ಎರಡು ಡಬ್ಲ್ಯೂ-ಟೂ. ಒಬ್ಬ ಮೊಮ್ಮಗ, ಹತ್ತು ವರ್ಷ, ಆಸ್ತಮಾ.
ಕೀಲಿ ಒತ್ತಿದಂತೆಲ್ಲ ಪರದೆಯ ಮೂಲೆಯಲ್ಲಿ
ರೀಫಂಡಿನ ಅಂಕಿ ಹಾಲಿನ ಹಾಗೆ ಉಕ್ಕಿ ನಿಂತಿತು:
ಆರು ಸಾವಿರದ ಇನ್ನೂರ ಹದಿನೆಂಟು.
ಅವಳು ಅಂಕಿ ನೋಡಲಿಲ್ಲ. ನನ್ನ ಮುಖ ನೋಡಿದಳು.
"ಕಾರಿನ ಗೇರು," ಅಂದಳು. "ಎರಡು ತಿಂಗಳ ಬಾಡಿಗೆ. ಅವನಿಗೊಂದು ಕನ್ನಡಕ."
ಕೂತಲ್ಲೇ ಖರ್ಚಾಯಿತು ಅಷ್ಟೂ.

ಮಾರ್ಚ್‌ನಲ್ಲಿ ಕಾಗದ ತಂದಳು, ಒದ್ದೆಯಾಗದ ಹಾಗೆ ಕೋಟಿನೊಳಗಿಟ್ಟು.
ನಿಮ್ಮ ರಿಟರ್ನ್ ಪರಿಶೀಲನೆಯಲ್ಲಿದೆ.
ಅರವತ್ತು ದಿನ ಬೇಕು.
ಸದ್ಯ ನೀವೇನೂ ಮಾಡಬೇಕಾಗಿಲ್ಲ.

ಏನೂ ಮಾಡದೆ ಬಂದಿದ್ದಳು, ಎರಡು ಬಸ್ಸು ಬದಲಿಸಿ.

ಯಾಕೆ ಅಂತ ಕೇಳಿದರೆ ನನಗೆ ಕಲಿಸಿದ ಉತ್ತರಗಳಿವೆ.
ಮಾಲೀಕ ತನ್ನ ಪ್ರತಿ ಕಳಿಸಿರಲಿಕ್ಕಿಲ್ಲ.
ಹೆಸರಿನಲ್ಲೊಂದು ಅಕ್ಷರ ಆಚೀಚೆ.
ಅಥವಾ ಈ ಮಗುವನ್ನು
ಇನ್ನೊಬ್ಬರೂ ತಮ್ಮದೆಂದು ಬರೆದಿರಬಹುದು.
ಯಾರೆಂದು ಕಾಗದ ಹೇಳುವುದಿಲ್ಲ.
ಲುವೀನಿಯಾ ಕೈಚೀಲದ ಜಿಪ್ಪು ಎಳೆದಳು, ಬಿಟ್ಟಳು.
"ಶೆರೀಸ್," ಅಂದಳು. "ನನ್ನ ಮಗಳು. ಅವನ ತಾಯಿ. ಗ್ಯಾರಿಯಲ್ಲಿದ್ದಾಳೆ ಅಂತ ಕೇಳಿದ್ದು."
ಸ್ವಲ್ಪ ತಡೆದು,
"ದುಡ್ಡಿಗೇ ಅಂತ ಅಲ್ಲ. ಎಲ್ಲಾದರೂ ಒಂದು ಕಡೆ
ಅವನ ಹೆಸರು ಬರೆಯಬೇಕು ಅನ್ನಿಸಿರುತ್ತೆ ಅವಳಿಗೆ."

ಆ ಸಾಲಿಗೆ ನನ್ನ ಫಾರಮಿನಲ್ಲಿ ಕೋಣೆಯಿಲ್ಲ.
ಕೇಳುವುದು ಇಷ್ಟೆ: ವರ್ಷದ ಅರ್ಧಕ್ಕೂ ಹೆಚ್ಚು ರಾತ್ರಿ
ಹುಡುಗ ಯಾರ ಮನೆಯಲ್ಲಿ ಮಲಗಿದ? ಸಾಕ್ಷಿ?
ಶಾಲೆಯ ದಾಖಲೆಯಲ್ಲಿ ಇನ್ನೂ ತಾಯಿಯ ಹಳೇ ವಿಳಾಸ.
ಅದೇ ಶಾಲೆಯಲ್ಲಿ ಅವನ ತಟ್ಟೆಗೆ ದಿನಾ ಬಡಿಸುವವಳು ಇವಳು;
ಗೆಳೆಯರೆದುರು ಅವನು ಗುರುತಿಲ್ಲದವನಂತೆ ದಾಟಿಹೋಗುತ್ತಾನೆ.
"ಒಂದು ಚಮಚ ಜಾಸ್ತಿ ಹಾಕ್ತೀನಿ. ಅದಕ್ಕೆ ರಸೀದಿ ಇಲ್ಲ," ಅಂದು ನಕ್ಕಳು.
ಕೊನೆಗೆ ಬರೆದುಕೊಟ್ಟದ್ದು ಆಸ್ತಮಾ ಕ್ಲಿನಿಕ್ಕಿನ ಗುಮಾಸ್ತೆ:
ಹದಿನಾಲ್ಕು ಭೇಟಿ, ಹದಿನಾಲ್ಕು ಸಲವೂ ಅಜ್ಜಿ.

ಮೇ ತಿಂಗಳಿಗೆ ಎರಡನೇ ಕಾಗದ.
ಇನ್ನೂ ಅರವತ್ತು ದಿನ.

ನಾನು ಏಳು ವರ್ಷದವಳಿದ್ದಾಗ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ
ಎಲ್ಲ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿದ್ದರು: ನಾಳೆ ಬಾ.
ರಾತ್ರಿ ದೆವ್ವ ಬರುತ್ತದೆ, ಗುರುತಿನವರ ದನಿಯಲ್ಲಿ ಕರೆಯುತ್ತದೆ,
ಬರಹ ಓದಿ ಸುಮ್ಮನೆ ಹಿಂದಿರುಗುತ್ತದೆ. ನಾಳೆ ಬಂದು ಮತ್ತೆ ಅದನ್ನೇ ಓದುತ್ತದೆ.
ಅಕ್ಕ ಹೆದರಿ ಹೊದಿಕೆ ಎಳೆದುಕೊಳ್ಳುತ್ತಿದ್ದಳು.
ನನಗಿದ್ದದ್ದು ಬೇರೆ ಚಿಂತೆ:
ಅದಕ್ಕೆ ಓದು ಕಲಿಸಿದವರು ಯಾರು?
ವಾಪಸು ಹೋಗುವ ದಾರಿ ಎಷ್ಟು ದೂರ?
ಬಾಗಿಲ ಈಚೆ ಮಲಗಿದವರ ಕತೆ ಎಲ್ಲರಿಗೂ ಗೊತ್ತು.

ಅಂಗಡಿ ಏಪ್ರಿಲ್‌ನಲ್ಲೇ ಮುಚ್ಚಿತ್ತು. ಟೆರೆಲ್ ನಿಲುವಂಗಿ ಮಡಚಿಟ್ಟು ಹೋಗಿದ್ದ.
ನನ್ನ ನಂಬರು ಅವಳ ಬಳಿ ಇತ್ತು.
ಜುಲೈನ ಒಂದು ರಾತ್ರಿ ಫೋನು:
"ಶೆರೀಸ್ ಮಾತಾಡಿದಳು. ಎರಡು ವರ್ಷದ ಮೇಲೆ.
ಅವಳಿಗೂ ಅದೇ ಕಾಗದವಂತೆ. ಅದೇ ಅರವತ್ತು.
ಇಬ್ಬರೂ ಓದಿ ಓದಿ ಹೋಲಿಸಿದೆವು, ಸಾಲು ಸಾಲು.
ಆಮೇಲೆ ಅವನನ್ನ ಕರಿ ಅಂದಳು. ಮಲಗಿದಾನೆ ಅಂದೆ."

"ಮತ್ತೆ?"

"ನಾಳೆ ಮಾಡು ಅಂದೆ."