ಹನ್ನೆರಡನೆಯ ಐತವಾರ

ಬೆಳಗಿನ ಐದೂವರೆಗೆ ಸೈಕಲ್ಲಿನ ಹಿಂದೆ ಪುಟ್ಟಿ ಕಟ್ಟಿಕೊಂಡು
ಲಾಳೇಮಶ್ಯಾಕ ಬರುತ್ತಾನೆ. ಗಂಟೆ ಬಾರಿಸುವುದಿಲ್ಲ.
ಓಣಿಯ ನಾಯಿ ಬೊಗಳಿತೆಂದರೆ
ನಾವು ಏಳಬೇಕೆಂದು ಅರ್ಥ.

ಮೊದಲ ಐತವಾರ ಅರವತ್ತೆರಡು ಮಂದಿ.
ಹೊಸ ಸಲಿಕೆ, ಬಿಳಿ ಟೊಪ್ಪಿಗೆ, ಬುಟ್ಟಿ ತುಂಬ ಉಪ್ಪಿಟ್ಟು,
ನೆಲದಡಿಯ ಕಾಲುವೆಯ ಬಾಯಲ್ಲಿ ಸಾಲಾಗಿ ನಿಂತು ಫೋಟೊ.
ಹಾಜರಿ ವಹಿಯಲ್ಲಿ ಎರಡು ಪುಟ ತುಂಬಿದ್ದು ಅದೊಂದೇ ದಿನ.
ಬ್ಯಾಂಕಿನಲ್ಲಿ ಕ್ಯಾಶ್ ಎಣಿಸಿದವನೆಂದು
ವಹಿ ನನ್ನ ಕೈಗೆ ಬಂತು.
ಐದನೆಯ ವಾರ ಹತ್ತೊಂಬತ್ತು. ಎಂಟನೆಯ ವಾರ ಏಳು.
ಏಳರಲ್ಲಿ ಶಿವಯೋಗೆಪ್ಪ ಮಾಸ್ತರ ಕೆಳಗಿಳಿಯುವುದಿಲ್ಲ;
ಉಸಿರುಬಾವಿಯ ಕಟ್ಟೆಯ ಮೇಲೆ ಕೂತು
ಹಗ್ಗ ಹಿಡಿಯುತ್ತಾನೆ, ಬೈಯುತ್ತಾನೆ.

ಹಳಬರು ಇದಕ್ಕೆ ಸುರಂಗ ಬಾವಿ ಅನ್ನುತ್ತಿದ್ದರು.
ಆಚೆ ದಿನ್ನೆಯ ನೀರು ಬಿಸಿಲಿಗೆ ಮುಖ ತೋರದೆ
ನೆಲದಡಿ ನಡೆದು ವಿಜಾಪುರಕ್ಕೆ ಬರುತ್ತಿತ್ತಂತೆ,
ಹೊಸ ಸೊಸೆ ತಲೆ ತುಂಬ ಸೆರಗು ಹೊದ್ದು ಬಂದ ಹಾಗೆ.

ನಮಗೆ ಸಿಕ್ಕಿದ್ದು:
ಚಪ್ಪಲಿ ನೂರಾ ಹದಿನಾಲ್ಕು, ಒಂದಕ್ಕೂ ಜೋಡಿಯಿಲ್ಲ.
ಹೊಲಿಗೆ ಯಂತ್ರದ ಗಾಲಿ.
ಯಾರದೋ ಹೆಸರು ಕೊರೆದ ಸ್ಟೀಲಿನ ತಂಬಿಗೆ
(ಹುಡುಕಿ ಕೊಟ್ಟೆವು; "ನಮ್ದಲ್ಲ" ಅಂದು ಒಳಗಿಟ್ಟುಕೊಂಡಳು).
ಉಳಿದಿದ್ದೆಲ್ಲ ಹೂಳು,
ಹೂಳಿನ ಕೆಳಗೆ ಹೂಳು.

ಒಳಗೆ ಬೆನ್ನು ಬಗ್ಗಿಸಿಯೇ ಇರಬೇಕು.
ಮುಖ ಕಾಣುವುದಿಲ್ಲ,
ಪುಟ್ಟಿ ಕೊಡುವ ಕೈ, ಪುಟ್ಟಿ ಇಸಿದುಕೊಳ್ಳುವ ಕೈ, ಅಷ್ಟೇ.
ಖೈರುನ್‌ಬಿ ಇಲ್ಲಿ ಕೆಮ್ಮಿದರೆ
ಮುಂದಿನ ಉಸಿರುಬಾವಿಯಲ್ಲಿ ಪಾರಿವಾಳ ಹಾರುತ್ತವೆ.

ಒಂಬತ್ತನೆಯ ವಾರ ನೀರು ಬಂತು.
ಹಿಮ್ಮಡಿ ಮುಳುಗುವಷ್ಟು, ಕಳ್ಳನಂತೆ.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈ ತುಂಬ ರಾಡಿ.
ಲಾಳೇಮಶ್ಯಾಕ ಬೊಗಸೆ ಎತ್ತಿ ಬಾಯಿಗಿಟ್ಟು
ತುಪ್ಪಿದ: "ಸಾಬೂನ."

ಆ ಸಾಬೂನಿನ ಜಾಡು ಹಿಡಿದು
ಮೂರು ವಾರ ತೆವಳಿದೆವು.
ಹನ್ನೆರಡನೆಯ ಐತವಾರ ಲಾಟೀನಿನ ಬೆಳಕಿಗೆ ಸಿಕ್ಕಿತು,
ಗೋಡೆ ಸೀಳಿ ಬಂದ ನಾಲ್ಕಿಂಚಿನ ಪೈಪು.
ಕೂಡಿಕೆಗೆ ಸುತ್ತಿದ ಅರಿವೆ, ಇಳಕಲ್ ಸೀರೆಯ ಅಂಚು,
ಅದಕ್ಕೊಂದು ಗಂಟು.
ಎಡಗೈಯವನು ಹಾಕಿದ ಗಂಟು.

ಈ ಗುಂಪಿನಲ್ಲಿ ಎಡಗೈಯವ ನಾನೊಬ್ಬನೇ.

ಬಚ್ಚಲು ಕಟ್ಟಿಸಿದ ವರ್ಷ ಪ್ಲಂಬರ್ ಹೇಳಿದ್ದ:
"ಕೆಳಗ ಪೋಕಳ ಐತ್ರಿ ಸಾಹೇಬ್ರ, ಎಷ್ಟ ಬಿಟ್ರೂ ನುಂಗತದ."
ಇಳಿಜಾರು ಉಳಿಯಿತು, ಖರ್ಚು ಉಳಿಯಿತು,
ಅವತ್ತು ಅವನಿಗೆ ಚಹಾ ಕುಡಿಸಿದ್ದೆ.
ಹತ್ತೊಂಬತ್ತು ವರ್ಷ.

ಲಾಟೀನು ಹಿಡಿದ ಕೈ ಅಲುಗಲಿಲ್ಲ.
"ನಿಮಗ ಗೊತ್ತಿತ್ತೇನ್ರಿ, ಖೈರುನ್‌ಬಿ?"
"ನೀರು ಬಂದ ದಿನಾನ ವಾಸನಿ ಹತ್ತಿತ್ರಿ.
ನಿಮ್ಮ ಮನಿ ಅರಿವಿ ಆರು ವರ್ಷ ಒಗದೀನಿ.
ವಹಿ ನಿಮ್ಮ ಕೈಯಾಗಿತ್ತು,
ನೀವ ಬರೀಲಿ ಅಂತ ಸುಮ್ಮಿದ್ದೆ."

ಮೇಲಿಂದ ಮಾಸ್ತರನ ಕೂಗು
ಕಲ್ಲಿನಿಂದ ಕಲ್ಲಿಗೆ ಬಡಿದು ಇಳಿಯಿತು:
"ಏನ್ ಸಿಕ್ತೋ?"
ಖಾಲಿ ಪುಟ್ಟಿ ಎದುರಿಗಿತ್ತು.
ಅದರಲ್ಲಿ ಏನು ತುಂಬಿ ಮೇಲೆ ಕಳಿಸಲಿ?

ಆ ಸಂಜೆಯೇ ಬಚ್ಚಲ ನೆಲ ಒಡೆಸಿದೆ.
ವಾರವಿಡೀ ಮನೆಯಲ್ಲಿ ಮಾತಿಲ್ಲ.
ನೀಲಾಂಬಿಕಾ ಎದುರು ಮನೆಯಲ್ಲಿ ಮಿಂದು
ಒದ್ದೆ ಕೂದಲಿನಲ್ಲಿ ಬೀದಿ ದಾಟಿ ಬರುವಾಗ
ನಾನು ಪೇಪರ್ ಓದುತ್ತಿದ್ದೆ.

ಹದಿಮೂರನೆಯ ಐತವಾರ ನಾಯಿ ಬೊಗಳಿತು.
ನಾಲ್ಕು ಮಂದಿ ನಾವು.
ಹಿಂದೆ ಹವಾಯಿ ಚಪ್ಪಲಿಯ ಸದ್ದು, ಅವಳು.
ತನ್ನ ಹತ್ತೊಂಬತ್ತು ವರ್ಷದ ನೀರು
ಎಲ್ಲಿಗೆ ಹೋಯಿತೆಂದು ನೋಡಬೇಕಂತೆ.

ಇಳಿದಳು. ಗೋಡೆ ಮುಟ್ಟಿದಳು.
ಹೊಸ ಸಿಮೆಂಟು ಮೆತ್ತಿದ ತೂತಿನ ಹತ್ತಿರ
ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಳು.
ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನೇ ಎಣಿಸಿ,
"ಹಬ್ಬದಾಗ ಅರವತ್ತೆರಡು ಮಂದಿ ಉಂಡ್ರಂತ.
ಭಾಂಡೆ ತಿಕ್ಕಾಕ ಇಷ್ಟ ಮಂದೀನ?"
ಅಂದವಳೇ ಸೀರೆ ಕಚ್ಚೆ ಬಿಗಿದು
ಪುಟ್ಟಿಗೆ ಕೈ ಚಾಚಿದಳು.

ವಹಿ ಮೇಲೆ ಕಟ್ಟೆಯ ಮೇಲಿತ್ತು.
ಅವಳ ಹೆಸರು ಇನ್ನೂ ಬರೆದಿಲ್ಲ.